ನಾಲ್ಕನೆಯ ಹೆಜ್ಜೆಯ ಎಚ್ಚರಿಕೆ

ಶಿರಸಿಯಲ್ಲಿ ಯಾರಾದರೂ ನನ್ನ ಕೆಲಸ ಏನೆಂದು ಕೇಳಿದರೆ 'ಕಂಪ್ಯೂಟರಿನದು' ಎಂದು ಹೇಳಿ ಜಾರಿಕೊಳ್ಳುತ್ತೇನೆ. ಒಮ್ಮೆ ಕಟಿಂಗ್ ಶಾಪಿನಲ್ಲಿ ಕುಳಿತು ಕಣ ವೇಗವರ್ಧಕದ ಬಗ್ಗೆ ಪೂರ್ತಿ ಹೇಳಲು ಹೋಗಿದ್ದೆ. ಅರ್ಧ ಗಡ್ಡ ಇಳಿಯುವಷ್ಟರಲ್ಲಿ ಅಲ್ಲಿದ್ದವರೆಲ್ಲ ನನ್ನನ್ನು ಅಣುಬಾಂಬು ಮಾಡುವವನೆಂದು ತೀರ್ಮಾನಿಸಿಬಿಟ್ಟಿದ್ದರು.

ನನ್ನ ಕೆಲಸ ಅಷ್ಟು ದೊಡ್ಡದಲ್ಲ. ದೂರದ ಊರಿನ ಸಂಶೋಧನಾ ಕೇಂದ್ರವೊಂದರಲ್ಲಿ ಕಣಗಳನ್ನು ವೇಗಕ್ಕೇರಿಸಿ ಕಿರಣವಾಗಿ ಹಾಯಿಸುವ ಯಂತ್ರವಿದೆ. ದಾರಿಯುದ್ದಕ್ಕೂ ಇರುವ ಅಯಸ್ಕಾಂತಗಳು ಆ ಕಿರಣವನ್ನು ತಿರುಗಿಸುತ್ತವೆ, ಒಟ್ಟುಗೂಡಿಸುತ್ತವೆ, ಅಗಲಿಸುತ್ತವೆ. ಯಾವುದಕ್ಕೆ ಎಷ್ಟು ವಿದ್ಯುತ್ತು, ಯಾವುದಾದ ಮೇಲೆ ಯಾವುದು ಎಂದು ಯಂತ್ರಕ್ಕೆ ಹೇಳಲು ಅಲ್ಲಿಯದೇ ಒಂದು ಪುಟ್ಟ ಭಾಷೆ ಇದೆ. ಇಷ್ಟು ಕೊಡು, ಇಷ್ಟು ಹೊತ್ತು ಕಾಯಿ, ಕೊಟ್ಟದ್ದು ತಲುಪಿತೇ ಓದಿ ನೋಡು: ಅದರ ಮುಕ್ಕಾಲು ಪಾಲು ಇಂಥ ಮಾತುಗಳೇ. ಈ ಭಾಷೆಯಲ್ಲಿ ಸಾಲುಸಾಲಾಗಿ ಬರೆದಿಟ್ಟದ್ದನ್ನು ಸ್ಕ್ರಿಪ್ಟ್ ಎನ್ನುತ್ತೇವೆ. ಬಹಳ ವರ್ಷ ಅಲ್ಲಿಯೇ ಇದ್ದು, ಈಗ ಶಿರಸಿಯ ಬಾಡಿಗೆ ಕೋಣೆಯಲ್ಲಿ ಕುಳಿತು ಅದನ್ನೇ ಬರೆಯುತ್ತೇನೆ. ಇಲ್ಲಿಂದ ಯಂತ್ರದ ಅಂಕಿಗಳನ್ನು ನೋಡಬಹುದು, ಮುಟ್ಟುವ ಹಾಗಿಲ್ಲ.

ಹಳೆಯ ಸ್ಕ್ರಿಪ್ಟಿಗೆ ಒಂದು ಕೆಟ್ಟ ಚಾಳಿ ಇತ್ತು. ಎಲ್ಲಿ ಸಣ್ಣ ವ್ಯತ್ಯಾಸ ಕಂಡರೂ ಅಲ್ಲೇ ನಿಂತು ಕೂಗುತ್ತಿತ್ತು. ಯಂತ್ರ ನಡೆಸುವ ಆಪರೇಟರುಗಳಿಗೆ ತಲೆ ಚಿಟ್ಟು ಹಿಡಿದಿತ್ತು. ನಾನು ಹೊಸದಾಗಿ ಬರೆದಾಗ ಎಚ್ಚರಿಕೆಗಳನ್ನೆಲ್ಲ ಒಂದು ಕಡೆ ಗುರುತು ಹಾಕಿಕೊಂಡು, ಸ್ಕ್ರಿಪ್ಟಿನ ಹನ್ನೆರಡು ಹೆಜ್ಜೆಗಳೂ ಮುಗಿದ ಮೇಲೆ ಒಟ್ಟಿಗೆ ತೋರಿಸುವಂತೆ ಮಾಡಿದೆ. ಕೆಲಸದ ನಡುವೆ ಇರುವವನಿಗೆ ಕೆಟ್ಟ ಸುದ್ದಿ ಹೇಳಬಾರದು ಎಂಬುದು ನಾನು ಬೆಳೆದ ರೀತಿ. ಸಿದ್ದಾಪುರದ ಕಡೆಯ ನಮ್ಮ ಮನೆಯಲ್ಲಿ ಯಾರಿಗೇ ಆಗಲಿ, ಉಂಡು ಕೈ ತೊಳೆಯುವವರೆಗೆ ಕೆಟ್ಟದ್ದನ್ನು ಹೇಳುತ್ತಿರಲಿಲ್ಲ. ನನ್ನ ಪಿಯುಸಿ ಫಲಿತಾಂಶ ಬಂದ ದಿನವೂ ಅಪ್ಪ ನನ್ನ ಮಜ್ಜಿಗೆ ಅನ್ನ ಮುಗಿಯಲು ಬಿಟ್ಟು, ಆಮೇಲೆ ಮೆಲ್ಲಗೆ, "ತಮಾ, ಗಣಿತ ಹೋತು" ಎಂದಿದ್ದ. ಆ ಮರ್ಯಾದೆಯನ್ನು ಯಂತ್ರಕ್ಕೂ ಕಲಿಸಿದೆನೆಂದು ನನಗೆ ಒಳಗೊಳಗೇ ಹೆಮ್ಮೆಯಿತ್ತು. ಆಪರೇಟರುಗಳೂ ಹೊಗಳಿದರು.

ಆ ಕೇಂದ್ರದಲ್ಲಿ ಯಲ್ಲಾಪುರದ ಕಡೆಯ ಹುಡುಗಿಯೊಬ್ಬಳು ಸಂಶೋಧನೆ ಮಾಡುತ್ತಿದ್ದಳು. ನಾನು ಸಿದ್ದಾಪುರದವನೆಂದು ಗೊತ್ತಾದ ದಿನದಿಂದ ನಾನು ಅವಳಿಗೆ 'ಮಾವ' ಆಗಿದ್ದೆ. ನಾಲ್ಕು ತಿಂಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು, ಉಗುರಿಗಿಂತ ತೆಳ್ಳಗಿನ ಪದರದಂಥ ಫಿಲ್ಮ್ ತಯಾರಿಸಿದ್ದಳು. ಅದರ ಮೇಲೆ ಕಿರಣ ಬಿಟ್ಟು ಅಳತೆ ತೆಗೆಯಲು ಅವಳಿಗೆ ಸಿಕ್ಕಿದ್ದು ಮೂರು ದಿನಗಳ ಸರದಿ. ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು, ಅಷ್ಟರೊಳಗೆ ಫೆಲೋಶಿಪ್ ಮುಗಿದಿರುತ್ತದೆ. ಮಗಳ ಪಿಎಚ್‌ಡಿ ಆದರೆ ಚಂದಗುಳಿಯ ಗಣಪತಿಗೆ ಗಂಟೆ ಕಟ್ಟುತ್ತೇನೆಂದು ಅವಳ ಅಮ್ಮ ಹರಕೆ ಹೊತ್ತಿದ್ದರು.

ಗ್ರಹಚಾರಕ್ಕೆ ಅವಳ ಅಕ್ಕನ ಮದುವೆಯೂ ಅದೇ ಮೂರು ದಿನಗಳಲ್ಲಿ ಬಂತು. ಫಿಲ್ಮನ್ನು ಯಂತ್ರದಲ್ಲಿ ಕೂರಿಸಿ, ಉಳಿದದ್ದನ್ನು ಆಪರೇಟರಿಗೂ ನನ್ನ ಸ್ಕ್ರಿಪ್ಟಿಗೂ ಬಿಟ್ಟು ಅವಳು ಊರಿಗೆ ಬಂದಳು. ಮದುವೆ ಮುಗಿಯುವವರೆಗೆ ಲ್ಯಾಪ್‌ಟಾಪ್ ಮುಟ್ಟುವುದಿಲ್ಲವೆಂದು ಅಮ್ಮನಿಗೆ ಮಾತು ಕೊಟ್ಟಿದ್ದಳಂತೆ. "ನಿಂಗ ನೋಡ್ಕ್ಯಂಡ್ರೆ ಸಾಕು ಮಾವ, ಯಂಗೆ ಹೆದ್ರಿಕೆ ಇಲ್ಲೆ" ಎಂದು ಫೋನಿನಲ್ಲಿ ನಮ್ಮ ಕಡೆಯ ಮಾತಿನಲ್ಲೇ ಹೇಳಿದಳು; ನಾನಿದ್ದರೆ ತನಗೆ ಹೆದರಿಕೆಯೇ ಇಲ್ಲವಂತೆ.

ಮದುವೆಯ ಹಿಂದಿನ ದಿನ ಬೆಳಿಗ್ಗೆ ಸ್ಕ್ರಿಪ್ಟ್ ಓಡಿತು. ನಾಲ್ಕನೆಯ ಹೆಜ್ಜೆಯಲ್ಲಿ, ಕಿರಣವನ್ನು ಅಗಲಿಸಬೇಕಾದ ಅಯಸ್ಕಾಂತಕ್ಕೆ ಕೊಟ್ಟ ವಿದ್ಯುತ್ತು ತಲುಪಲಿಲ್ಲ. ಸ್ಕ್ರಿಪ್ಟ್ ಅದನ್ನು ಓದಿತು, ಗುರುತು ಹಾಕಿಕೊಂಡಿತು, ಕಲಿಸಿದ ಮರ್ಯಾದೆಯಂತೆ ಸುಮ್ಮನೆ ಮುಂದುವರಿಯಿತು. ಹನ್ನೆರಡನೆಯ ಹೆಜ್ಜೆಯ ನಂತರ ಎಚ್ಚರಿಕೆ ತೆರೆಯ ಮೇಲೆ ಬರುವ ಹೊತ್ತಿಗೆ, ಕಿರಣವೆಲ್ಲ ಒಂದೇ ಚುಕ್ಕೆಯಲ್ಲಿ ಬಿದ್ದು ಫಿಲ್ಮ್ ತೂತಾಗಿತ್ತು.

ಆಪರೇಟರು ಫೋನ್ ಮಾಡಿ, ತಪ್ಪು ಯಾರದೆಂದು ಆಮೇಲೆ ನೋಡೋಣ, ಮೊದಲು ಆ ಹುಡುಗಿಗೆ ತಿಳಿಸಿ ಎಂದರು. ಹೂಂ ಎಂದೆ. ಫೋನ್ ಇಟ್ಟವನೇ ಸ್ಕ್ರಿಪ್ಟ್ ತೆರೆದು, ಎಲ್ಲಿ ವ್ಯತ್ಯಾಸ ಕಂಡರೂ ಅಲ್ಲೇ ನಿಂತು ಹೇಳುವಂತೆ ಒಂದು ಗಂಟೆಯಲ್ಲಿ ತಿದ್ದಿ ಕಳಿಸಿದೆ. ಹುಡುಗಿಗೆ ಮಾತ್ರ ಹೇಳಲಿಲ್ಲ. ಮನೆ ತುಂಬ ನೆಂಟರು, ನಾಳೆ ಮದುವೆ, ಇಂಥ ಹೊತ್ತಿನಲ್ಲಿ ಯಾರಾದರೂ ಹೇಳುತ್ತಾರೆಯೇ? ಹೇಗೂ ಫಿಲ್ಮ್ ಹೋಗಿದೆ, ಎರಡು ದಿನ ತಡವಾದರೆ ಹೆಚ್ಚಿಗೆ ಹೋಗುವುದೇನೂ ಇಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮರುದಿನ ಬಸ್ಸಿನಲ್ಲಿ ಯಲ್ಲಾಪುರಕ್ಕೆ ಹೋಗಿ ಪಂಕ್ತಿಯಲ್ಲಿ ಕುಳಿತೆ. ಅವಳೇ ಮಾವಿನಕಾಯಿಯ ಅಪ್ಪೆಹುಳಿ ಬಡಿಸುತ್ತ ಬಂದಳು. ಮುಖದಲ್ಲಿ ಮದುವೆಯ ಕಳೆ.

"ಅಲ್ಲಿ ಎಂತಾತು ಮಾವ? ಎಲ್ಲಾ ಸರಿ ಇದ್ದಾ?"

"ಎಲ್ಲಾ ಸರಿ ಇದ್ದು. ನೀ ಮದ್ವೆ ಬದಿಗೆ ಲಕ್ಷ್ಯ ಕೊಡು" ಎಂದೆ. ನನಗೇ ಆಶ್ಚರ್ಯವಾಗುವಷ್ಟು ಸಲೀಸಾಗಿ ಬಂತು ಆ ಸುಳ್ಳು. ನಾಚಿಕೆಯಿಲ್ಲದೆ ಅಪ್ಪೆಹುಳಿಯನ್ನೂ ಎರಡು ಸಲ ಹಾಕಿಸಿಕೊಂಡೆ.

ಮೂರನೆಯ ದಿನ, ಮದುವೆಯ ಮರುದಿನ, ಅವರ ಮನೆಗೇ ಹೋದೆ. ಇಂಥದ್ದನ್ನು ಫೋನಿನಲ್ಲಿ ಹೇಳಬಾರದು ಎಂಬ ಇನ್ನೊಂದು ಮರ್ಯಾದೆ ಬೇರೆ. ಅವಳ ಅಮ್ಮ ಕಷಾಯ ಕೊಟ್ಟರು, ಉಳಿದ ಸಿಹಿ ಕೊಟ್ಟರು. ಹುಡುಗಿ ಊಟ ಮುಗಿಸಿ ಜಗಲಿಗೆ ಬಂದು ಕುಳಿತ ಮೇಲೆ ಎಲ್ಲವನ್ನೂ ಹೇಳಿದೆ. ನಾಲ್ಕನೆಯ ಹೆಜ್ಜೆ, ನನ್ನ ಸ್ಕ್ರಿಪ್ಟು, ನನ್ನ ತಪ್ಪು, ಯಾವುದನ್ನೂ ಬಿಡಲಿಲ್ಲ.

ಅವಳು ಅಳಲಿಲ್ಲ. "ಯಾವಾಗ ಆದದ್ದು?" ಎಂದು ಕೇಳಿದಳು.

"ಮೊನ್ನೆ ಬೆಳಗ್ಗೆ."

ಗೋಡೆಯ ಗಡಿಯಾರ ನೋಡಿದಳು. ಅವಳ ಮೂರು ದಿನಗಳ ಸರದಿ ಅಂದೇ ಬೆಳಿಗ್ಗೆ ಹತ್ತು ಗಂಟೆಗೆ ಮುಗಿದು ಯಂತ್ರ ಬೇರೆಯವರ ಕೈಗೆ ಹೋಗಿತ್ತು. ಆಗ ಒಂದೂವರೆ.

"ಆನು ಎರಡು ಫಿಲ್ಮ್ ಮಾಡಿದ್ದಿ ಮಾವ. ಇನ್ನೊಂದು ಅಲ್ಲೇ, ಎನ್ನ ಕಪಾಟಲ್ಲಿ ಇತ್ತು. ಒಂದು ಫೋನ್ ಮಾಡಿದ್ರೆ ಆಪರೇಟರು ಬದ್ಲಿಸ್ತಿದ್ದ."

ನಾಲ್ಕು ತಿಂಗಳ ಕೆಲಸ, ಇನ್ನೊಂದು ಇರಲಾರದು ಎಂದು ಯಾರನ್ನೂ ಕೇಳದೆ ನಾನೇ ತೀರ್ಮಾನಿಸಿದ್ದೆ. ಯಂತ್ರ ಸುಟ್ಟದ್ದು ಒಂದು ಫಿಲ್ಮನ್ನು. ಅವಳ ವರ್ಷವನ್ನು ಸುಟ್ಟವನು ನಾನು.

"ಸ್ಕ್ರಿಪ್ಟ್ ಸರಿ ಮಾಡಿದ್ರಾ?" ಎಂದು ಅವಳು ಕೇಳಿದಳು.

"ಮೊನ್ನೇನೇ ಮಾಡಿದ್ದಿ."

"ಹಾಂಗಾರೆ ಮಿಷನ್ನಿಗೆ ಮೊನ್ನೇನೇ ಹೇಳಿದ್ರಿ" ಎಂದಳು. "ಯಂಗೆ ಇವತ್ತು."