ಕಿಸೆಯಲ್ಲೇ ಉಳಿದ ಪ್ರಶ್ನೆ

ಸ್ನೇಹಿತರೇ, ಇವತ್ತು ನಮ್ಮ ವಿಶ್ವವಿದ್ಯಾಲಯದ ವಾರ್ಷಿಕ ತತ್ವಶಾಸ್ತ್ರ ಉಪನ್ಯಾಸವಿತ್ತು. ವಿಷಯ, ಸಾವಿನ ನಂತರ 'ನಾನು' ಉಳಿಯುತ್ತದೆಯೇ? ದೊಡ್ಡ ವಿದ್ವಾಂಸರ ಮುಂದೆ ಸಭೆ ಸುಮ್ಮನೆ ಕೂತರೆ ಮರ್ಯಾದೆ ಹೋಗುತ್ತದೆಂದು ಪ್ರತಿವರ್ಷ ಮೂರು ಪ್ರಶ್ನೆಗಳನ್ನು ಮೊದಲೇ ಬರೆದು ವಿದ್ಯಾರ್ಥಿಗಳ ಕೈಗೆ ಕೊಟ್ಟಿರುತ್ತೇವೆ. ಈ ಸಲವೂ ಬರೆದವನು ನಾನೇ.

ಉಪನ್ಯಾಸ ಮುಗಿದು ವಿದ್ಯಾರ್ಥಿಗಳು ಆ ಪ್ರಶ್ನೆಗಳನ್ನು ಕೇಳತೊಡಗಿದಾಗ ಹಿಂದಿನ ಸಾಲಿನಲ್ಲಿ ಅಜ್ಜರೊಬ್ಬರು ಕೈಯೆತ್ತಿದರು. ಹತ್ತಿರ ಹೋಗಿ, "ಚೀಟ್ಯಾಗ ಬರದ ಕೊಡ್ರಿ" ಎಂದೆ.

"ಕಣ್ಣ ಸರಿ ಕಾಣಂಗಿಲ್ರಿ, ನೀವ ಬರಕೊಳ್ರಿ. ನಮ್ಮಾಕಿ ತೀರಿಕೊಂಡು ತಿಂಗಳಾತು. ಆಕಿಗೆ ಈಗ ನನ್ನ ನೆನಪು ಇರತೈತೇನ್ರಿ?"

ಬರೆದುಕೊಂಡು ವೇದಿಕೆಯ ಹತ್ತಿರ ಹೋದೆ. ಅಷ್ಟರಲ್ಲಿ ನನ್ನ ಮೂರು ಪ್ರಶ್ನೆಗಳೇ ಇದ್ದ ಸಮಯವನ್ನೆಲ್ಲ ತಿಂದಿದ್ದವು. ಅಧ್ಯಕ್ಷರು, "ವ್ಯಾಳ್ಯಾ ಆತು, ಊಟಕ್ಕ ಏಳ್ರಿ" ಎಂದುಬಿಟ್ಟರು.

ಬಾಗಿಲಲ್ಲಿ ಅಜ್ಜರ ಕ್ಷಮೆ ಕೇಳಿದೆ. "ಇರ್ಲಿ ಬಿಡ್ರಿ ಸರ. ಆ ಹುಡುಗೂರು ಎಷ್ಟ ಛಲೋ ಪ್ರಶ್ನಿ ಕೇಳಿದ್ರು! ನಂದೇನ್ ಅಷ್ಟ ದೊಡ್ಡದಿರಲಿಲ್ಲ" ಎಂದು ಅಮ್ಮಿನಬಾವಿ ಬಸ್ಸಿಗೆ ನಡೆದರು.

ಚೀಟಿ ಇನ್ನೂ ನನ್ನ ಕಿಸೆಯಲ್ಲಿದೆ. ಪತ್ರಿಕೆಗೆ ಮಾತ್ರ, 'ನಂತರ ಸಭಿಕರೊಂದಿಗೆ ಅರ್ಥಪೂರ್ಣ ಸಂವಾದ ನಡೆಯಿತು' ಎಂದು ಬರೆದು ಕಳಿಸಿದ್ದೇನೆ. ಆ ಸಾಲನ್ನೂ ನಾನು ನಿನ್ನೆಯೇ ಬರೆದಿಟ್ಟಿದ್ದೆ.