ಕೊಲ್ಲಾಪುರಮ್ಮ ಎರೆದ ನೀರು

ನ್ಯಾಮತಿ ಸುತ್ತಮುತ್ತ ಅರ್ಧಕ್ಕರ್ಧ ತಲೆಗಳಿಗೆ ಮೊದಲ ನೀರು ಬಿದ್ದದ್ದು ಕೊಲ್ಲಾಪುರಮ್ಮನ ಕೈಯಿಂದ. ಆಸ್ಪತ್ರೆಯಲ್ಲಿ ಆಯಾ, ಡ್ಯೂಟಿ ಮುಗಿದರೆ ಬಾಣಂತಿಯರ ಮನೆಗೆ ಹೋಗಿ, ಕಾಲು ಚಾಚಿ ಕೂತು ಕೂಸುಗಳಿಗೆ ಎರೆಯುವುದು. ಗೌಡರ ಕೂಸೋ ಸಾಹೇಬರ ಕೂಸೋ, ಅಳುವ ರಾಗ ಒಂದೇ ಎನ್ನುತ್ತಾಳೆ. ಇಂಥವಳ ನೀರು ‘ಲೆಕ್ಕಕ್ಕಿಲ್ಲ’ ಎಂದರು ನೋಡಿ, ನನಗೆ ಮೈಯೆಲ್ಲ ಉರಿಯಿತು.

ಆದದ್ದಿಷ್ಟು. ನಮ್ಮ ನೆರೆಮನೆಯ ಕ್ರೈಸ್ತರ ಅನಿತಾಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿ ಕೂಸು ನೀಲಿಗಟ್ಟಿತು. ದಾವಣಗೆರೆಗೆ ಹೊರಟ ಆಂಬುಲೆನ್ಸಿನಲ್ಲಿ ಕೊಲ್ಲಾಪುರಮ್ಮ ಜೊತೆಗಿದ್ದಳು. ಹೊನ್ನಾಳಿ ಸೇತುವೆ ದಾಟುವಷ್ಟರಲ್ಲಿ ಕೂಸಿನ ಉಸಿರು ಸಣ್ಣದಾಯಿತು.

“ಕೊಲ್ಲಾಪುರವ್ವ, ನಂಗೆ ಏಳಾಕೆ ಆಗ್ತಿಲ್ಲ. ಜ್ಞಾನಸ್ನಾನ ಆಗ್ದೆ ಕೂಸು ಹೋಗಬಾರ್ದು. ನೀನೇ ತಲೆಗೆ ನೀರು ಹಾಕಿ ಮಾಡ್ಸು. ನಾ ಹೇಳಿದಂಗೆ ಹೇಳು” ಎಂದಳು ಅನಿತಾ.

ಕೊಲ್ಲಾಪುರಮ್ಮ ಬಾಟಲಿ ನೀರನ್ನು ಕೂಸಿನ ಹಣೆಯ ಮೇಲೆ ಹರಿಸುತ್ತ, ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ನಿನಗೆ ಜ್ಞಾನಸ್ನಾನ ಕೊಡುತ್ತೇನೆ ಎಂದಳು. ದಾವಣಗೆರೆಯ ಡಾಕ್ಟರು ಕೂಸನ್ನು ಉಳಿಸಿಕೊಟ್ಟರು.

ಕೂಸು ಕತ್ತು ನಿಲ್ಲಿಸುವ ಹೊತ್ತಿಗೆ ಅನಿತಾಳ ಮಾವ ಇನ್ನಾಸಪ್ಪ ಚನ್ನಗಿರಿಯ ಚರ್ಚಿನಲ್ಲಿ ಜ್ಞಾನಸ್ನಾನವಿಟ್ಟುಕೊಂಡರು. ಅನಿತಾ ಕರೆದಳೆಂದು ಕೊಲ್ಲಾಪುರಮ್ಮ ನನ್ನ ಜೊತೆ ಬಸ್ಸು ಹತ್ತಿ ಬಂದಳು. ಬಾಗಿಲಲ್ಲೇ, ಎಲ್ಲರೆದುರು, ಇನ್ನಾಸಪ್ಪ ಅಂದರು: “ಆವತ್ತಿಂದು ಬಿಡಮ್ಮ. ನಿಮ್ಮೋರು ಹಾಕಿದ ನೀರು ಲೆಕ್ಕಕ್ಕಿಲ್ಲ. ಇವತ್ತು ಸರಿಯಾಗಿ ಮಾಡಿಸ್ತೀವಿ.”

“ಸರಿಯಾಗಿ ಅಂದ್ರೆ ಹೆಂಗ್ರಿ? ಕೂಸು ನೀಲಿ ಆದಾಗ ನೀವೆಲ್ಲಿದ್ರಿ ಯಜಮಾನ್ರೆ? ನಾ ಹೇಳಿದ್ದು ನಿಮ್ಮ ದೇವ್ರ ಹೆಸ್ರೇ. ಅದೂ ಲೆಕ್ಕಕ್ಕಿಲ್ಲೇನು?”

ಕಾನ್ವೆಂಟಿನ ಸಿಸ್ಟರುಗಳು ಹೇಳಿಕೊಟ್ಟದ್ದು ನನಗಿನ್ನೂ ನೆನಪಿದೆ. ಜೋರ್ಡಾನ್ ಹೊಳೆಯಲ್ಲಿ ಯೊವಾನ್ನನೆಂಬ ಪ್ರವಾದಿ ಬಂದವರನ್ನೆಲ್ಲ ಮುಳುಗಿಸಿದ. ಯೇಸುವೂ ಅವರ ನಡುವೆಯೇ ನೀರಿಗಿಳಿದ. ಹಳೆಯ ಬದುಕು ಮುಳುಗಿ ಹೊಸದು ಏಳುವುದು ಅದರ ಅರ್ಥ. ಅಲ್ಲಿ ಯಾರಾದರೂ ‘ನಿಮ್ಮೋರು ನಮ್ಮೋರು’ ಎಂದದ್ದು ಸಿಸ್ಟರುಗಳ ಪಾಠದಲ್ಲಿರಲಿಲ್ಲ. ಇನ್ನಾಸಪ್ಪನವರಿಗೆ ಸ್ನಾನವಾಗಿ ಅರವತ್ತು ವರ್ಷವಾಯಿತು. ಜ್ಞಾನ ಇನ್ನೂ ಬಟ್ಟೆ ಬಿಚ್ಚುತ್ತಿದೆ!

ಗಲಾಟೆ ಕೇಳಿ ಬಂದ ಫಾದರ್ ಕೊಲ್ಲಾಪುರಮ್ಮನನ್ನೇ ಕೇಳಿದರು: “ನೀರು ತಲೆ ಮೇಲೆ ಹರೀತೇನಮ್ಮ? ಏನಂದ್ರಿ? ಯಾಕೆ ಮಾಡಿದ್ರಿ?”

“ಹರೀತು ಸ್ವಾಮಿ.” ಕಣ್ಣು ಮುಚ್ಚಿ ‘ಪಿತನ, ಸುತನ’ ಎಂಬ ಆ ಮಾತನ್ನೂ ಹೇಳಿದಳು. “ನಿಮ್ಮ ಗುಡಿಯಾಗೆ ಮಾಡೋದನ್ನೇ ಮಾಡು ಅಂದ್ಲು ಅನಿತವ್ವ. ಆ ಹೊತ್ತಿನಾಗೆ ತಾಯಿಗೆ ಒಲ್ಲೆ ಅನ್ನಾಕಾಗುತ್ತೇನ್ರಿ?”

“ಹಾಗಾದ್ರೆ ಆಗಿದೆ” ಎಂದರು ಫಾದರ್. “ಪ್ರಾಣ ಹೋಗೋ ಹೊತ್ತಲ್ಲಿ ಯಾರು ಬೇಕಾದ್ರೂ ಕೊಡಬಹುದು, ಕ್ರೈಸ್ತರೇ ಆಗಬೇಕಿಲ್ಲ. ಒಮ್ಮೆ ಕೊಟ್ಟಿದ್ದನ್ನ ಮತ್ತೆ ಕೊಡೋ ಹಾಗಿಲ್ಲ. ಇವತ್ತು ಉಳಿದ ಶಾಸ್ತ್ರ ಮಾತ್ರ, ಎಣ್ಣೆ, ಬಿಳಿಬಟ್ಟೆ, ಮೇಣದಬತ್ತಿ ಅಷ್ಟೇ.”

“ನೀರೇ ಇಲ್ವಾ ಫಾದರ್?” ಇನ್ನಾಸಪ್ಪನವರ ಮುಖ ಇಳಿಯಿತು.

ಅನಿತಾ ಕೂಸನ್ನು ತಂದು ಕೊಲ್ಲಾಪುರಮ್ಮನ ಕೈಗೆ ಕೊಟ್ಟಳು. ಕೊಲ್ಲಾಪುರಮ್ಮನ ಸಿಟ್ಟು ಇನ್ನೂ ಇಳಿದಿರಲಿಲ್ಲ.

“ಕೂಸಿಗೆ ನೀರು ಬ್ಯಾಡ ಯಜಮಾನ್ರೆ. ಬಿಸಿಲಾಗೆ ಬಂದೀನಿ, ನಂಗೊಂದು ಲೋಟ ಕೊಡ್ರಿ.”

ಇನ್ನಾಸಪ್ಪನವರೇ ಹೋಗಿ ತಂದರು.