ಗಿರಿಜಕ್ಕನ ವಾಕಿಟಾಕಿ

ಗಿರಿಜಕ್ಕ ದೇವಿಯ ಮುಂದೆ ಕಣ್ಣು ಮುಚ್ಚಿ ಬೇಡಿಕೊಂಡ ಮೇಲೂ ಕೊನೆಗೆ ‘ಓವರ್’ ಅನ್ನುತ್ತಿದ್ದಳು. ಬಾಗಿಲಿಗೆ ಬಂದ ತರಕಾರಿಯವನ ಹತ್ತಿರ ಒಣಗಿದ ಮೆಂತ್ಯದ ಬೆಲೆ ಇಳಿಸುವಾಗಲೂ ಅಷ್ಟೇ: “ಮೇಥಿ ಸೂಖಾ ಹೈ ಭಯ್ಯಾ, ಭಾವ್ ಕಮ್ ಕರೋ. ಓವರ್.” ನನ್ನದು ಮುಗಿಯಿತು, ಇನ್ನು ನೀನು ಹೇಳು ಎನ್ನುವ ಆ ಮಾತು ಅವಳ ನಾಲಿಗೆಗೆ ಅಂಟಿದ್ದು ನಮ್ಮ ಗುಡಿಯಲ್ಲಿರುವ ವಾಕಿಟಾಕಿಯಿಂದ.

ನಾವಿರುವುದು ಮುಂಬಯಿಯ ಚೆಂಬೂರಿನ ಗುಡ್ಡದ ಹಿಂಬದಿಯ ಏರಿನ ಚಾಳಿನಲ್ಲಿ. ಬಹುಪಾಲು ವಿಜಯಪುರ, ಕಲಬುರಗಿ ಕಡೆಯವರು. ಫೋನಿಗೆ ಸಿಗ್ನಲ್ ಸಿಗುವುದೇ ಅಪರೂಪ. ಮಳೆಗಾಲದಲ್ಲಿ ಅದೂ ಇಲ್ಲ. ಗಿರಿಜಕ್ಕನ ಯಜಮಾನರಿಗೆ ಎದೆನೋವು ಬಂದ ದಿನ ಅವರನ್ನು ಹಲಗೆಯ ಮೇಲೆ ಮಲಗಿಸಿ ಹೊತ್ತು ಇಳಿಸಿದರು. ಕೆಳಗೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು. ಅಲ್ಲಿ ರಸ್ತೆಯಲ್ಲಿ ಧರ್ಮಾಸ್ಪತ್ರೆ ಟ್ರಸ್ಟಿನವರ ಆಂಬುಲೆನ್ಸ್ ಸ್ಟ್ರೆಚರು, ಆಕ್ಸಿಜನ್ನು ಎಲ್ಲ ಇಟ್ಟುಕೊಂಡು ಅಷ್ಟು ಹೊತ್ತೂ ಸುಮ್ಮನೆ ನಿಂತಿತ್ತು. ಕರೆಯುವ ದಾರಿ ನಮಗಿರಲಿಲ್ಲ.

ಗಿರಿಜಕ್ಕ ಅತ್ತಳು, ಎದ್ದಳು, ಟ್ರಸ್ಟಿನ ಡಾಕ್ಟರ ಹತ್ತಿರ ಹೋದಳು. ವಾಕಿಟಾಕಿಯ ಲೈಸೆನ್ಸು ನಾವು ಮಾಡಿಸುತ್ತೇವೆ, ಸೆಟ್ಟಿನ ಹಣ, ಬ್ಯಾಟರಿ ಖರ್ಚು ನೀವು ನೋಡಿಕೊಳ್ಳಿ ಎಂದರಂತೆ ಅವರು. ಆ ಮಂಗಳವಾರ ಗುಡಿಯಲ್ಲಿ ಎದ್ದು ನಿಂತು ಹೇಳಿದಳು: “ಮನಿಗೊಂದು ಕಾಯಿ ಒಡಿಯೂದು ಇನ್ನ ಸಾಕ ಮಾಡೂಣು. ಎಲ್ಲಾರ ಹೆಸರಿಲೆ ಒಂದ ಕಾಯಿ ಒಡಿಯೂಣು. ಉಳಿದ ಕಾಯಿ ರೊಕ್ಕ ಡಬ್ಬಿಗೆ ಹಾಕ್ರಿ.”

ಪೂಜೆ ಮಾಡುವ ಶಿವಪ್ಪಣ್ಣನಿಗೆ ಸಿಟ್ಟು ಬಂತು. “ಕಾಯಿ ಬ್ಯಾಡಂತ ತಾಯಿ ನಿನ್ನ ಕಿವ್ಯಾಗ ಹೇಳ್ಯಾಳೇನಬೇ?”

“ಬೇಕಂತ ನಿನ್ನ ಕಿವ್ಯಾಗ ಹೇಳ್ಯಾಳೇನೋ ಅಣ್ಣಾ? ಆಕಿ ಹೋಳು ತಿಂದದ್ದು ನಾ ಒಂದಿನಾನೂ ಕಂಡಿಲ್ಲ. ಮನಿಗೊಯ್ದು ಚಟ್ನಿ ಅರಿಯೋರು ನಾವ.”

ಹೆಂಗಸರೆಲ್ಲ ಬಾಯಿಗೆ ಸೆರಗಿಟ್ಟು ನಕ್ಕೆವು. ನನಗೆ ಮಾತ್ರ ಒಳಗೊಳಗೆ ಅಳುಕು, ತಾಯಿ ಮುನಿದರೆ? ಆದರೂ ಡಬ್ಬಿಗೆ ಹಾಕಿದೆ. ಮನೆಮನೆಯ ಚಟ್ನಿ ತೆಳ್ಳಗಾಯಿತು. ದಸರೆಯ ಹೊತ್ತಿಗೆ ಗುಡಿಗೊಂದು, ಆಂಬುಲೆನ್ಸಿಗೊಂದು ಸೆಟ್ಟು ಬಂತು. ಗುಡಿಯದಕ್ಕೆ ಕುಂಕುಮ ಹಚ್ಚಿದವನು ಶಿವಪ್ಪಣ್ಣನೇ.

ದಿನಾ ಸಂಜೆ ಮಂಗಳಾರತಿಯಾದ ಕೂಡಲೇ ಗಿರಿಜಕ್ಕ ಸೆಟ್ಟು ಸರಿಯಿದೆಯೇ ಎಂದು ನೋಡುತ್ತಿದ್ದಳು. “ಗುಡಿಯಿಂದ ಗಿರಿಜವ್ವ. ಊಟ ಆತೇನ್ರಿ? ಓವರ್.” ಕೆಳಗಿನಿಂದ ಮರಾಠಿ ಡ್ರೈವರ್ ಗಣಪತ್, “ಝಾಲಂ ಮಾವ್ಶಿ. ಓವರ್”, ಆಯಿತು ಚಿಕ್ಕಮ್ಮ, ಅನ್ನುತ್ತಿದ್ದ. ಅವನಿಗೆ ಅರ್ಥವಾಗುತ್ತಿದ್ದ ಕನ್ನಡವೆಂದರೆ ಆ ಪ್ರಶ್ನೆ ಒಂದೇ.

ಒಂದು ಆಷಾಢದ ಮಧ್ಯಾಹ್ನ, ಜಡಿಮಳೆಯಲ್ಲಿ, ನಮ್ಮ ಮನೆಯವರು ಎದೆ ಹಿಡಿದುಕೊಂಡು ಕುಸಿದರು. ನಾನು ಗುಡಿಗೆ ಓಡಿ ವಾಕಿಟಾಕಿಯ ಗುಂಡಿ ಒತ್ತಿದೆ. “ಲಗೂ ಬರ್ರಿ, ಉಸಿರು ಆಡವಲ್ದು, ತಾಯಿ ಕಾಪಾಡವ್ವಾ” ಎಂದು ಒಂದೇ ಸಮನೆ ಕೂಗಿದೆ. ಆ ಕಡೆಯಿಂದ ಸೊಲ್ಲೇ ಇಲ್ಲ. ಇನ್ನೂ ಜೋರಾಗಿ ಒತ್ತಿದೆ, ಇನ್ನೂ ಜೋರಾಗಿ ಕೂಗಿದೆ. ರೊಟ್ಟಿ ಬಡಿಯುತ್ತಿದ್ದ ಗಿರಿಜಕ್ಕ ಹಿಟ್ಟಿನ ಕೈಯಲ್ಲೇ ಓಡಿ ಬಂದು ನನ್ನ ಹೆಬ್ಬೆರಳನ್ನು ಹಿಡಿದೆತ್ತಿದಳು.

“ಗುಂಡಿ ಬಿಡ ತಂಗಿ. ನೀ ಒತ್ತಿ ಹಿಡದರ ಅವನ ಮಾತು ಹ್ಯಾಂಗ ಕೇಳಬೇಕು?”

ಬಿಟ್ಟ ಕೂಡಲೇ ಗಣಪತ್‌ನ ದನಿ ಬಂತು. ನನ್ನ ಮಾತು ತಿಳಿಯದಿದ್ದರೂ ಕೂಗು ತಿಳಿದಿತ್ತು; ಹೊರಟಿದ್ದೇನೆ, ಯಾವ ಮನೆ ಎಂದು ಮರಾಠಿಯಲ್ಲಿ ಕೇಳುತ್ತಿದ್ದ.

ನಮ್ಮವರು ಉಳಿದರು. ಈಗ ಉಪ್ಪು ಕಮ್ಮಿ ಹಾಕಿದ ಸಾರಿಗೆ ದಿನಾ ಗೊಣಗುತ್ತಾರೆ. ಆ ಗೊಣಗಾಟ ಕಿವಿಗೆ ಬಿದ್ದಾಗಲೆಲ್ಲ ನಾನು ತಾಯಿಗೆ ಕೈಮುಗಿಯುತ್ತೇನೆ. ಮೊದಲಿನ ಹಾಗೆ ಅದು ಕೊಡು, ಇದು ಕೊಡು ಎಂದು ಬಡಬಡಿಸುವುದಿಲ್ಲ. ಹೇಳುವುದನ್ನು ಹೇಳಿ, ಆಮೇಲೆ ತುಸು ಹೊತ್ತು ಸುಮ್ಮನೆ ಕೂರುತ್ತೇನೆ.

ಕಳೆದ ಚಳಿಗಾಲದಲ್ಲಿ ಗಿರಿಜಕ್ಕ ಆಸ್ಪತ್ರೆ ಸೇರಿದಳು. ನೋಡಲು ಹೋದರೆ ತನ್ನ ನೋವಿನ ಮಾತೇ ಇಲ್ಲ.

“ಸಂಜೀಕ ಸೆಟ್ ಯಾರು ನೋಡ್ತಾರ?”

“ನಾ ನೋಡ್ತೀನಿ ಅಕ್ಕಾ.”

“ಗುಂಡಿ ಬಿಡೂದು ಮರೀಬ್ಯಾಡ” ಎಂದು ನಕ್ಕಳು. ಅದೇ ಕೊನೆ. ಆ ರಾತ್ರಿಯೇ ನರಳದೆ ಹೋದಳು, ಅದೂ ತಾಯಿಯ ದಯೆಯೇ.

ಮರುದಿನ ಸಂಜೆ ಗುಡಿಯಲ್ಲಿ ಗುಂಡಿ ಒತ್ತಿದೆ. “ಗುಡಿಯಿಂದ...” ಎಂದೆ. ಮುಂದೆ ಯಾರ ಹೆಸರು ಹೇಳಲಿ? ಒತ್ತಿಕೊಂಡೇ ಅಳುತ್ತಿದ್ದೆ. ಆಮೇಲೆ ನೆನಪಾಯಿತು, ಹೆಬ್ಬೆರಳು ಎತ್ತಿದೆ.

ಕೆಳಗಿನಿಂದ ಗಣಪತ್ ಮೆಲ್ಲಗೆ ಕೇಳಿದ: “ಊಟ ಆತೇನ್ರಿ, ಮಾವ್ಶಿ? ಓವರ್.”